ಕತ್ತಲೆಕಾನಿನ ಹೆಸರುಪಟ್ಟಿ

ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಮಾವಿನಗುಂಡಿಯತ್ತ ಸಾಗುವ ಹೆದ್ದಾರಿ ಸಿದ್ದಾಪುರ ತಾಲ್ಲೂಕಿನ ಒಂದು ಕಾಡನ್ನು ಹಾದುಹೋಗುತ್ತದೆ. ಮಟಮಟ ಮಧ್ಯಾಹ್ನದಲ್ಲೂ ನೆಲಕ್ಕೆ ಬಿಸಿಲು ತಾಗದ ಕಾಡು, ಹೆಸರೇ ಕತ್ತಲೆಕಾನು. ಶರಾವತಿ ಕಣಿವೆಗೆ ಸೇರಿದ ಈ ಕಾಡು ಅಂಥ ದೊಡ್ಡದೇನಲ್ಲ. ಆದರೆ 2000ದಿಂದೀಚೆಗೆ ಒಂದು ಮರವೂ ಒಂದು ಕಪ್ಪೆಯೂ ವಿಜ್ಞಾನಕ್ಕೆ ಮೊದಲ ಸಲ ಪರಿಚಯವಾದದ್ದು ಇಲ್ಲಿಂದ. ದೂರದ ಕೇರಳದ ದಕ್ಷಿಣದಲ್ಲಷ್ಟೇ ಇದೆ ಎಂದುಕೊಂಡಿದ್ದ ಮರ ಇಲ್ಲಿ ಸಿಕ್ಕಿದೆ. ಸಿಂಗಳೀಕಗಳ ಇಂದಿನ ವಾಸದ ಉತ್ತರ ತುದಿಯೂ ಇದೇ ಸೀಮೆ. ಇವುಗಳಲ್ಲಿ ಯಾವುದು ಯಾವ ಪ್ರಭೇದ, ಯಾರಿಗೆ ಯಾರು ನೆಂಟರು, ಎಷ್ಟು ಕಾಲದಿಂದ ಬೇರೆಯಾಗಿ ಬಾಳಿದ್ದಾರೆ ಎಂದು ಹೇಳುವ ಕೆಲಸಕ್ಕೆ ಈಗ ಡಿಎನ್‌ಎ ಬಂದಿದೆ. ಹಾಗೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡನ್ನು ವಿಂಗಡಿಸಿ ಹೆಸರಿಡುವ ಕೆಲಸ ಡಿಎನ್‌ಎಯಿಂದ ಶುರುವಾದದ್ದಲ್ಲ. ಊರವರ ವಿಂಗಡಣೆ, ಸರ್ಕಾರದ ವಿಂಗಡಣೆ, ಸಸ್ಯಶಾಸ್ತ್ರಜ್ಞರ ವಿಂಗಡಣೆ ಒಂದರ ಮೇಲೊಂದು ಬಂದು ಕೂತ ಮೇಲೆ ಬಂದದ್ದು ಈ ನಾಲ್ಕನೆಯದು. ಕಾಡು ಉಳಿದದ್ದೂ ಅಳಿದದ್ದೂ ಬಹುಮಟ್ಟಿಗೆ ಅದಕ್ಕೆ ಯಾವ ಹೆಸರು ಬಿತ್ತು ಎಂಬುದರ ಮೇಲೆಯೇ.

ಊರವರ ವಿಂಗಡಣೆಗೆ ಬಳಕೆಯೇ ಅಳತೆಗೋಲು. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಕಾಡು ಬೆಟ್ಟ. ಅದು ಗುಡ್ಡವೇ ಆಗಿರಬೇಕೆಂದಿಲ್ಲ. ದನ ಮೇಯುವ ಹುಲ್ಲುನೆಲ ಬೇಣ. ಒಮ್ಮೆ ಕಡಿದು ಬಿಟ್ಟ, ಕುರುಚಲು ಬೆಳೆದ ಜಾಗ ಹಕ್ಕಲು. ವರ್ಷವಿಡೀ ನೀರು ಜಿನುಗುವ, ಕಾಲಿಟ್ಟರೆ ಹೂಳುವ ನೆಲ ಜಡ್ಡಿ. ಇವೆಲ್ಲದರ ನಡುವೆ, ಕೊಡಲಿ ತಾಗದ, ಬೇಸಿಗೆಯಲ್ಲೂ ತಂಪು ಆರದ ಎತ್ತರದ ಮರಗಳ ಕಾಡೇ ಕಾನು. ಹಳ್ಳ ಹುಟ್ಟುವುದು ಕಾನಿನಲ್ಲಿ. ಮೆಣಸಿನ ಬಳ್ಳಿ ಹಬ್ಬುವುದು, ಉಪ್ಪಾಗೆ, ಮುರುಗಲು, ದಾಲ್ಚಿನ್ನಿ, ಬೈನೆ ಸಿಗುವುದೂ ಅಲ್ಲೇ. ಎಷ್ಟೋ ಕಾನುಗಳಲ್ಲಿ ಚೌಡಿಯೋ ಜಟಕನೋ ಹುಲಿದೇವರೋ ಒಂದು ಕಲ್ಲಾಗಿ ಕೂತಿರುತ್ತಾರೆ. ಸಿದ್ದಾಪುರದ ಕಾನಗೋಡು, ಶಿರಸಿಯ ಜಡ್ಡಿಗದ್ದೆಯಂಥ ಊರ ಹೆಸರುಗಳಲ್ಲಿ ಈ ಶಬ್ದಗಳು ಹಾಗೇ ಉಳಿದಿವೆ. ಜಡ್ಡಿಗದ್ದೆ ಎಂಬ ಹೆಸರಂತೂ ತನ್ನ ಕತೆಯನ್ನು ತಾನೇ ಹೇಳುತ್ತದೆ: ಜಡ್ಡಿಯಾಗಿದ್ದದ್ದು ಗದ್ದೆಯಾಯಿತು.

ಕಾನಿಗೆ ಬೆಲೆ ತಂದದ್ದು ಕಾಳುಮೆಣಸು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅವಳ ಬಂದರುಗಳಿಂದ ಹೊರಟ ಮೆಣಸು ಬರುತ್ತಿದ್ದದ್ದು ಘಟ್ಟದ ತೋಟ ಮತ್ತು ಕಾನುಗಳಿಂದ. ಶಿರಸಿ ಬಳಿಯ ಸೋದೆಯ ಅರಸರಿಗೂ ಬಾಳು ಕೊಟ್ಟದ್ದು ಅದೇ ಸರಕು. ಮೆಣಸಿನ ಬಳ್ಳಿಗೆ ನೆರಳು ಬೇಕು, ಹಬ್ಬಲು ಮರ ಬೇಕು. ಮರ ಕಡಿದರೆ ಕಂದಾಯವೇ ಹೋಯಿತು. ಕಾನು ದೇವರದ್ದೂ ಹೌದು, ಬೊಕ್ಕಸದ್ದೂ ಹೌದು. ಹೀಗೆ ಎರಡು ಕಡೆಯಿಂದ ಕಾವಲು ಬಿದ್ದ ಕಾಡು ಉಳಿಯಿತು.

1801ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್‌ಗೆ ದೇವರ ಪಾಲು ಮಾತ್ರ ಒಪ್ಪಿಗೆಯಾಗಲಿಲ್ಲ. ಕೆನರಾದಲ್ಲಿ ಕಾಡು ಊರದೇವರ ಸ್ವತ್ತು, ಪೂಜಾರಿಯ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ ಎಂದು ಅವನು ಬರೆದುಕೊಂಡ. ಸರ್ಕಾರಕ್ಕೆ ಸೇರಬೇಕಾದ್ದನ್ನು ಸೇರದಂತೆ ಮಾಡುವ ಉಪಾಯ ಇದು ಎಂದೂ ಷರಾ ಹಾಕಿದ. ಮುಂದಿನ ನೂರು ವರ್ಷದ ಅರಣ್ಯ ನೀತಿ ಈ ಷರಾದೊಳಗೇ ಅಡಗಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾನು, ಜಡ್ಡಿ, ಬೇಣ, ಹಕ್ಕಲು ಎಂಬ ಭೇದವೆಲ್ಲ ಅಳಿಸಿ ಮೀಸಲು ಕಾಡು ಎಂಬ ಒಂದೇ ಹೆಸರು ನಿಂತಿತು. ಅಡಿಕೆ ಬೆಳೆಗಾರರಿಗೆ ಮಾತ್ರ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟದ ಸವಲತ್ತು ಉಳಿಯಿತು. ಕಾಡು ಕಡಿದು ಸುಟ್ಟು ಬೆಳೆಯುವ ಕುಮರಿ ಬೇಸಾಯಕ್ಕೆ ತಡೆ ಬಿತ್ತು. ಆ ಅಸಮಾಧಾನವೇ ಮುಂದೆ 1930ರ ದಶಕದ ಕರನಿರಾಕರಣೆ ಮತ್ತು ಅರಣ್ಯ ಸತ್ಯಾಗ್ರಹಗಳಿಗೆ ಸಿದ್ದಾಪುರದಂಥ ತಾಲ್ಲೂಕುಗಳಲ್ಲಿ ನೆಲ ಹದ ಮಾಡಿತು.

ಕುಮಟಾದಲ್ಲಿ ನೆಲೆಸಿ ದಶಕಗಳ ಕಾಲ ಈ ಕಾಡುಗಳನ್ನು ಅಧ್ಯಯನ ಮಾಡಿದ ಸಸ್ಯಶಾಸ್ತ್ರಜ್ಞ ಎಂ.ಡಿ. ಸುಭಾಷ್ ಚಂದ್ರನ್, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೊಂದಿಗೆ ಮುಂದಿಟ್ಟ ವಾದ ಇಲ್ಲಿ ಮುಖ್ಯ. ಸುತ್ತಲಿನ ಗುಡ್ಡವೆಲ್ಲ ಕುಮರಿಗೆ ಸುಟ್ಟು ಬೆಳೆದ ನೆಲವಾಗಿದ್ದರೂ ನಡುನಡುವೆ ಕಾನುಗಳನ್ನು ಜನ ಬೇಕೆಂದೇ ಬಿಟ್ಟುಕೊಂಡಿದ್ದರು. ನಿತ್ಯಹರಿದ್ವರ್ಣದ ಹಳೆಯ ಪ್ರಭೇದಗಳಿಗೆ ಅವೇ ಆಸರೆಯಾದವು ಎಂಬುದು ಅದರ ತಿರುಳು. ಕತ್ತಲೆಕಾನಿನಂಥ ಕಾಡು ಯಾರೂ ಮುಟ್ಟದೆ ಉಳಿದದ್ದಲ್ಲ, ಜನ ಮುಟ್ಟಬಾರದೆಂದು ಇಟ್ಟುಕೊಂಡದ್ದು ಎಂಬ ಈ ಮಾತು ಡಿಎನ್‌ಎ ಕತೆಗೂ ಬೇಕಾದದ್ದು. ಪ್ರಯೋಗಾಲಯದಲ್ಲಿ ಓದಲು ವಂಶವಾಹಿಯ ಅಕ್ಷರ ಉಳಿದಿರಬೇಕಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಅಕ್ಷರಗಳು ಬೇಗ ಅಳಿಸತೊಡಗಿದವು. ತೇಗದ ನೆಡುತೋಪು, ಪ್ಲೈವುಡ್ಡಿಗೆ ಆಯ್ದು ಕಡಿಯುವ ಮರ, ಕಾಗದಕ್ಕೆ ಬಿದಿರು, ವಿದ್ಯುತ್ತಿಗೆ ಕಣಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿಯ ಮೇಲ್ಭಾಗವನ್ನು ಮುಳುಗಿಸಿತು. ಯಲ್ಲಾಪುರದ ಬೇಡ್ತಿ ಕಣಿವೆಗೆ ಬರಲಿದ್ದ ಜಲವಿದ್ಯುತ್ ಯೋಜನೆಯನ್ನು 1980ರ ದಶಕದ ಆರಂಭದಲ್ಲಿ ಅಡಿಕೆ ಬೆಳೆಗಾರರು ಲೆಕ್ಕಪತ್ರ ಮುಂದಿಟ್ಟುಕೊಂಡೇ ಎದುರಿಸಿ ನಿಲ್ಲಿಸಿದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಬಳಿಯ ಕಳಸೆ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳುತನದ ಆ ಅಪ್ಪಿಕೋ ಚಳವಳಿಗೆ ಯಾವ ಪ್ರಭೇದ ಅಪರೂಪದ್ದು ಎಂಬ ಪಟ್ಟಿ ಬೇಕಾಗಿರಲಿಲ್ಲ. ಪಟ್ಟಿ ಬಂದದ್ದು ಆಮೇಲೆ. ಅದರ ಮೊದಲ ಅಧ್ಯಾಯ ಜಡ್ಡಿಯದು.

ಕಾನಿನೊಳಗಿನ ಕೆಲವು ಜಡ್ಡಿಗಳಲ್ಲಿ ಜಾಯಿಕಾಯಿ ಕುಟುಂಬದ ಮರಗಳೇ ತುಂಬಿರುತ್ತವೆ. ಊರಿನಲ್ಲಿ ಅದಕ್ಕೆ ರಾಂಪತ್ರೆ ಜಡ್ಡಿ ಎನ್ನುತ್ತಾರೆ. ವಿಜ್ಞಾನದ ಬರಹದಲ್ಲಿ ಮಿರಿಸ್ಟಿಕಾ ಜೌಗು. ಕೆಸರಿನಲ್ಲಿ ಗಾಳಿಯಿಲ್ಲ, ಬೇರಿಗೆ ಉಸಿರು ಬೇಕು. ಹಾಗಾಗಿ ಜಿಮ್ನಾಕ್ರಾಂಥೆರಾ ಕನಾರಿಕಾ ಎಂಬ ಮರ ನೆಲದಿಂದ ಮಂಡಿಯಂತೆ ಬಾಗಿದ ಬೇರುಗಳನ್ನು ಎಬ್ಬಿಸುತ್ತದೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಕಾಂಡದಿಂದ ಊರುಗೋಲುಗಳಂಥ ಬೇರು ಇಳಿಸಿ ನಿಲ್ಲುತ್ತದೆ. ಭಾರತದಲ್ಲಿ ಇಂಥ ಜೌಗಿನ ವಿವರ ಮೊದಲು ಅಚ್ಚಾದದ್ದು 1960ರಲ್ಲಿ, ತಿರುವಾಂಕೂರಿನ ಕಾಡುಗಳ ಬಗ್ಗೆ ಕೃಷ್ಣಮೂರ್ತಿ ಎಂಬುವರು ಬರೆದಾಗ. ಉತ್ತರ ಕನ್ನಡದ ಜಡ್ಡಿಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸುವ ಕೆಲಸ ಆಮೇಲೆ ಚಂದ್ರನ್ ಮತ್ತು ಅವರ ಸಂಗಡಿಗರಿಂದ ನಡೆಯಿತು. ಸಿಕ್ಕವೆಲ್ಲ ತುಂಡುತುಂಡು. ಕಾರಣ ಸರಳ: ವರ್ಷವಿಡೀ ನೀರಿರುವ ಸಮತಟ್ಟು ನೆಲ ಘಟ್ಟದ ಮೇಲೆ ಎಲ್ಲಿದ್ದರೂ ಅದು ಅಡಿಕೆಗೋ ಭತ್ತಕ್ಕೋ ಹೇಳಿ ಮಾಡಿಸಿದ್ದು. ಇಂದಿನ ಎಷ್ಟೋ ತೋಟಗಳ ಕೆಳಗೆ ಒಂದು ಕಾಲದ ಜಡ್ಡಿ ಇದೆ.

2000ದಲ್ಲಿ ಅರಣ್ಯ ಇಲಾಖೆಯ ನಂಟಿದ್ದ ಸಸ್ಯತಜ್ಞರಾದ ಸ್ವಾಮಿನಾಥ್ ಮತ್ತು ದಾಸಪ್ಪ ಕತ್ತಲೆಕಾನಿನ ಜಡ್ಡಿಯಿಂದ ಹೊಸ ಮರವೊಂದನ್ನು ವಿವರಿಸಿದರು. ಅದು ಗೇರಿನ ಬಳಗದ್ದು, ಸೋನೆ ತಾಗಿದರೆ ಮೈ ಸುಡುವ ಕಾಡುಗೇರಿನ ಹತ್ತಿರದ ನೆಂಟ. ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಲ್ಯಾಟಿನ್ ಬಾಲ ಹಚ್ಚಿಕೊಂಡು ಕತ್ತಲೆಕಾನು ಜಗತ್ತಿನ ಸಸ್ಯಪಟ್ಟಿ ಸೇರಿದ್ದು ಹೀಗೆ. ಮುಗಿಲಿಗೆ ಬೆಳೆಯುವ ಮರ ಅಷ್ಟು ಕಾಲ ಯಾರ ಕಣ್ಣಿಗೂ ಹೊಸದೆಂದು ಕಾಣದೆ ಇದ್ದದ್ದು ಸೋಜಿಗವೇ. ಆದರೆ ಹೂವು ಮೇಲೆಲ್ಲೋ ಬಿಟ್ಟು ಎಲೆ ಮಾತ್ರ ಕೈಗೆ ಸಿಗುವ ಕಾಡಿನಲ್ಲಿ ಅದು ಸಹಜ. ಆಮೇಲಿನ ಹುಡುಕಾಟದಲ್ಲಿ ಸುತ್ತಲಿನ ಕೆಲವೇ ಜಡ್ಡಿಗಳಲ್ಲಿ ಇದು ಸಿಕ್ಕಿತು. ತಿರುವಾಂಕೂರಿನ ಹೆಸರನ್ನೇ ಹೊತ್ತ ನೇರಳೆಯ ಬಳಗದ ಸಿಜಿಜಿಯಂ ತ್ರಾವಂಕೋರಿಕಂ ಕೂಡ ಇಲ್ಲಿ ಕಂಡಿತು. ತನ್ನ ತವರಿನಿಂದ ನೂರಾರು ಕಿಲೋಮೀಟರ್ ಉತ್ತರಕ್ಕೆ!

ಬೆರಳೆಣಿಕೆಯ ಜಾಗದಲ್ಲಿ ಉಳಿದ ಮರಕ್ಕೆ ಎದುರಾಗುವ ತೊಂದರೆ ಏನು ಎಂಬುದನ್ನು ಶಿರಸಿಯ ಅರಣ್ಯ ಮಹಾವಿದ್ಯಾಲಯದ ಆರ್. ವಾಸುದೇವ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ ಮುಂತಾದವರು 2001ರ ವೇಳೆಗೆ ವಿವರವಾಗಿ ನೋಡಿದರು. ಸೆಮೆಕಾರ್ಪಸ್‌ನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ರಾಂಪತ್ರೆಯದೂ ಉಪ್ಪಾಗೆಯದೂ ಅದೇ ಪರಿ. ಮಲೆನಾಡಿಗರಿಗೆ ಇದು ಹೊಸ ಸಂಗತಿಯಲ್ಲ. ನೂರು ಮರ ಇವೆ ಎಂದರೆ ಕಾಯಿ ಬಿಡುವವು ಅದರಲ್ಲಿ ಒಂದು ಪಾಲು ಮಾತ್ರ. ಹತ್ತಿರದಲ್ಲಿ ಗಂಡು ಮರ ಇಲ್ಲದ ಹೆಣ್ಣು ಮರ ಕಾಡಿನಲ್ಲಿದ್ದರೂ ಇಲ್ಲದ ಲೆಕ್ಕ. ಒಂದೇ ಜಡ್ಡಿಯೊಳಗೆ ತಲೆತಲಾಂತರದಿಂದ ನೆಂಟರೊಳಗೇ ಸಂಬಂಧ ನಡೆದರೆ ವಂಶವಾಹಿಗಳ ವೈವಿಧ್ಯ ಸವೆಯುತ್ತದೆ. ಒಂದು ರೋಗ, ಒಂದು ಬರ ಬಂದರೆ ಎಲ್ಲ ಮರಗಳೂ ಒಂದೇ ರೀತಿ ಸೋಲುವ ಅಪಾಯ ಹೆಚ್ಚುತ್ತದೆ. ತಲೆ ಎಣಿಕೆಯ ಸಂಖ್ಯೆ ಬೇರೆ, ಸಂತಾನಕ್ಕೆ ಕೂಡಿಬರುವ ಸಂಖ್ಯೆ ಬೇರೆ ಎಂಬ ಈ ತಿಳಿವಳಿಕೆಯೇ ಸಂರಕ್ಷಣೆಗೆ ತಳಿವಿಜ್ಞಾನದ ಮೊದಲ ಕೊಡುಗೆ. ಸಸಿ ನೆಡುವಾಗ ಒಂದೇ ತಾಯಿಮರದ ಬೀಜ ತರಬಾರದು, ಬೇರೆ ಬೇರೆ ಜಡ್ಡಿಗಳಿಂದ ಬೆರೆಸಬೇಕು ಎಂಬ ನಿಯಮ ಹುಟ್ಟುವುದು ಇಲ್ಲಿಂದ. ಬೇಡ್ತಿ ಕಣಿವೆಯ ಮರದರಿಶಿನ ಬಳ್ಳಿಯಲ್ಲೂ ಗಂಡು ಹೆಣ್ಣು ಬೇರೆಬೇರೆ. ಔಷಧಿಗೆಂದು ಕಾಂಡವನ್ನೇ ಕಡಿದೊಯ್ಯುವುದರಿಂದ ಅದರ ಪಾಡು ಇನ್ನೂ ಕಷ್ಟ.

ಮರಗಳ ಕತೆ ಹೀಗಾದರೆ ಕಪ್ಪೆಗಳದ್ದು ಗೊಂದಲದ ಕತೆ. 1882ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಬೌಲೆಂಜರ್ ಪಶ್ಚಿಮ ಘಟ್ಟದ ಇರುಳುಗಪ್ಪೆಗಳಿಗೆ ನಿಕ್ಟಿಬ್ಯಾಟ್ರಕಸ್ ಎಂಬ ಕುಲವನ್ನು ಕಟ್ಟಿದ. ಅವನ ಮುಂದಿದ್ದದ್ದು ಸ್ಪಿರಿಟ್ಟಿನಲ್ಲಿ ಅದ್ದಿಟ್ಟ ಕಪ್ಪೆ. ಸ್ಪಿರಿಟ್ಟಿನಲ್ಲಿ ಬಣ್ಣ ಹೋಗುತ್ತದೆ, ಕೂಗು ಮೊದಲೇ ಇಲ್ಲ, ಹಳ್ಳ ಯಾವುದು ಕಲ್ಲು ಯಾವುದು ಗೊತ್ತಿಲ್ಲ. ಬೆರಳ ತುದಿ, ತೊಡೆಯ ಉದ್ದ, ಚರ್ಮದ ಸುಕ್ಕು ಇಷ್ಟೇ ಆಧಾರ. ಒಂದರಂತೆ ಒಂದು ಕಾಣುವ ಕಪ್ಪೆಗಳೆಲ್ಲ ಒಂದೇ ಹೆಸರಿನಡಿ ಸೇರಿದವು. ಘಟ್ಟದ ಉದ್ದಕ್ಕೂ ಹರಡಿದ ಸಾಮಾನ್ಯ ಕಪ್ಪೆ ಎಂದು ಪಟ್ಟಿಯಲ್ಲಿ ಬರೆದದ್ದನ್ನು ಉಳಿಸಬೇಕೆಂದು ಯಾರಿಗೆ ಅನ್ನಿಸುತ್ತದೆ?

ಈ ಗಂಟು ಬಿಚ್ಚಿದ್ದು ಡಿಎನ್‌ಎ. ವಿಧಾನ ಹೇಳಿಕೊಳ್ಳುವಷ್ಟು ಗಹನವೇನಲ್ಲ. ಬೆರಳ ತುದಿಯ ಒಂದು ಚೂರನ್ನೋ ಒಂದಿಷ್ಟು ಮಾಂಸಖಂಡವನ್ನೋ ಆಲ್ಕೋಹಾಲಿನಲ್ಲಿಟ್ಟು ತರುತ್ತಾರೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿ ತಾಯಿಯಿಂದ ಮಾತ್ರ ಬರುವ ಒಂದು ಪುಟ್ಟ ಡಿಎನ್‌ಎ ಉಂಗುರವಿದೆ. ಅದರಲ್ಲಿ ಗೊತ್ತಾದ ಒಂದು ತುಣುಕನ್ನು ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ಪ್ರತಿ ಮಾಡಿ, ನಾಲ್ಕು ಅಕ್ಷರಗಳ ಆ ಸಾಲನ್ನು ಓದುತ್ತಾರೆ. ಕಪ್ಪೆಗಳಲ್ಲಿ ಹೆಚ್ಚಾಗಿ ಓದುವುದು 16ಎಸ್ ಎಂಬ ತುಣುಕು. ಎರಡು ಕಪ್ಪೆಗಳ ಸಾಲನ್ನು ಪಕ್ಕಪಕ್ಕ ಇಟ್ಟು ಎಷ್ಟು ಅಕ್ಷರ ಬೇರೆ ಎಂದು ಎಣಿಸಿದರೆ, ಅವು ಒಂದೇ ಮನೆಯವೋ ಕವಲೊಡೆದು ಬಹುಕಾಲವಾದವೋ ತಿಳಿಯುತ್ತದೆ. ನಕಲು ಮಾಡುತ್ತ ಮಾಡುತ್ತ ಓಲೆಗರಿಗಳಲ್ಲಿ ತಪ್ಪುಗಳು ಕೂಡುತ್ತ ಹೋದಂತೆಯೇ ಇದೂ. ಯಾವ ಓಲೆ ಯಾವುದರ ನಕಲು ಎಂದು ತಪ್ಪುಗಳಿಂದಲೇ ಪತ್ತೆಮಾಡುವ ಗ್ರಂಥಸಂಪಾದಕರಿಗೆ ಈ ತರ್ಕ ಹಳೆಯದು.

2011ರಲ್ಲಿ ಕಪ್ಪೆತಜ್ಞ ಎಸ್.ಡಿ. ಬಿಜು ಮತ್ತು ಸಂಗಡಿಗರು ಇರುಳುಗಪ್ಪೆಗಳ ಕುಲವನ್ನೇ ಹೀಗೆ ಮರುಪರಿಶೀಲಿಸಿ ಒಟ್ಟಿಗೆ 12 ಹೊಸ ಪ್ರಭೇದಗಳನ್ನು ಹೆಸರಿಸಿದರು. ಅದರಲ್ಲೊಂದು ಜೋಗ–ಮಾವಿನಗುಂಡಿ ಸೀಮೆಯ ನಿಕ್ಟಿಬ್ಯಾಟ್ರಕಸ್ ಜೋಗ್. 2017ರಲ್ಲಿ ಇನ್ನೂ ಏಳು ಸೇರಿ ಆ ಕುಲದ ಸಂಖ್ಯೆ 35ಕ್ಕೆ ಏರಿತು. ಸಂಖ್ಯೆ ಇಷ್ಟು ಬೇಗ ಏರಿದಾಗ, ಒಂದನ್ನೇ ಒಡೆದು ಹತ್ತು ಮಾಡುತ್ತಿದ್ದಾರೆಯೇ ಎಂಬ ಸಂಶಯ ಏಳುವುದು ತಪ್ಪಲ್ಲ. ಹಾಗಾಗಿ ಅಕ್ಷರಗಳ ವ್ಯತ್ಯಾಸ ಒಂದೇ ಸಾಲದು. ಕೂಗು, ಮೈಕಟ್ಟು, ನಡವಳಿಕೆಯ ಸಾಕ್ಷಿಯೂ ಬೇಕು ಎನ್ನುವವರ ಮಾತಿಗೆ ತೂಕವಿದೆ. ಅದಕ್ಕೆ ಕತ್ತಲೆಕಾನಿಗಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಇಲ್ಲಿನ ಹಳ್ಳಗಳಲ್ಲಿ ಜೋಗ್ ಕಪ್ಪೆಯ ಜೊತೆಯಲ್ಲೇ ಅದಕ್ಕಿಂತ ದೊಡ್ಡದೊಂದು ಇರುಳುಗಪ್ಪೆಯಿದೆ. ಮಳೆಗಾಲದ ರಾತ್ರಿ ಹಳ್ಳದ ಮೇಲೆ ಬಾಗಿದ ಕಡ್ಡಿಯ ಬಳಿ ಅದರ ಜೋಡಿ ಸೇರುತ್ತದೆ. ಹೆಣ್ಣು ಮುಂಗೈ ಊರಿ ತಲೆಕೆಳಗಾಗಿ ನಿಂತು ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಆಮೇಲಿನ ಕೆಲಸ ಗಂಡಿನದು. ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಇಳಿದು ಮತ್ತೆ ತರುತ್ತದೆ, ಮೊಟ್ಟೆ ಪೂರಾ ಮುಚ್ಚುವ ತನಕ. ಮಣ್ಣಿನ ಹೊದಿಕೆ ಮೊಟ್ಟೆ ಒಣಗದಂತೆ, ಹುಳಹುಪ್ಪಟೆಯ ಕಣ್ಣಿಗೆ ಬೀಳದಂತೆ ಕಾಯುತ್ತದೆ ಎಂಬ ಊಹೆಯಿದೆ. ಜೋಗ್ ಕಪ್ಪೆಯೂ ನೀರಿನ ಮೇಲಿನ ಎಲೆಗಳಿಗೆ ಮೊಟ್ಟೆಯಿಟ್ಟು ಕಾಯುತ್ತದೆ, ಆದರೆ ಮಣ್ಣು ಮೆತ್ತುವುದಿಲ್ಲ. ಕೆ.ವಿ. ಗುರುರಾಜ, ಕೆ.ಪಿ. ದಿನೇಶ್, ಎಚ್. ಪ್ರೀತಿ ಮತ್ತು ಜಿ. ರವಿಕಾಂತ್ 2014ರಲ್ಲಿ ಈ ಕಪ್ಪೆಯನ್ನು ಹೊಸ ಪ್ರಭೇದವೆಂದು ಪ್ರಕಟಿಸಿದರು. ರವಿಕಾಂತರದು ಬೆಂಗಳೂರಿನ ಏಟ್ರೀ ಸಂಸ್ಥೆಯ ತಳಿವಿಜ್ಞಾನ ಪ್ರಯೋಗಾಲಯ. ಮೈಕಟ್ಟು, ಕೂಗು, ವಂಶವಾಹಿ ಮೂರೂ ಇದು ಬೇರೆಯೇ ಎಂದವು. ಹೆಸರು ಮಾತ್ರ ನಡವಳಿಕೆಯಿಂದ ಬಂತು: ನಿಕ್ಟಿಬ್ಯಾಟ್ರಕಸ್ ಕುಂಬಾರ. ಮಡಕೆ ಮಾಡುವವನ ಹೆಸರು ಕನ್ನಡದ್ದೇ ರೂಪದಲ್ಲಿ ಪ್ರಾಣಿಶಾಸ್ತ್ರದ ಪಟ್ಟಿ ಸೇರಿತು.

ಅದೇ 2014ರಲ್ಲಿ ಇನ್ನೊಂದು ಪರಿಷ್ಕರಣೆ ನಡೆಯಿತು. ಬೆನ್ನು ಹೊಂಬಣ್ಣದ, ಹಳ್ಳದ ಬದಿಯಲ್ಲಿ ಎಲ್ಲೆಲ್ಲೂ ಕಾಣುವ ಕಪ್ಪೆಯೊಂದನ್ನು ಒಂದು ಶತಮಾನಕ್ಕೂ ಮಿಕ್ಕಿ ಟೆಂಪೊರಾಲಿಸ್ ಎಂದು ಬರೆದುಕೊಂಡು ಬರಲಾಗಿತ್ತು. ಬಿಜು ತಂಡ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ಹೊಂಬೆನ್ನಿನ ಕಪ್ಪೆಗಳ ಡಿಎನ್‌ಎ ಓದಿತು. ನಿಜವಾದ ಟೆಂಪೊರಾಲಿಸ್ ಇರುವುದು ಶ್ರೀಲಂಕಾದಲ್ಲಿ ಮಾತ್ರ ಎಂದು ಗೊತ್ತಾಯಿತು; ಏಳು ಹೊಸ ಹೆಸರುಗಳು ಹುಟ್ಟಿದವು. ಘಟ್ಟದ ಹಳೆಯ ಕಪ್ಪೆಪಟ್ಟಿಗಳಲ್ಲೆಲ್ಲ ಆ ಹೆಸರಿನ ಸಾಲು ಒಂದೇ ದಿನದಲ್ಲಿ ತಪ್ಪಾಯಿತು. ಕಪ್ಪೆಗೆ ಇದರಿಂದ ಏನೂ ಆಗಲಿಲ್ಲ. ಆದರೆ ಒಂದು ದೊಡ್ಡ ವ್ಯಾಪ್ತಿಯ ಪ್ರಭೇದ ಹಲವು ಸಣ್ಣ ವ್ಯಾಪ್ತಿಯ ಪ್ರಭೇದಗಳಾಗಿ ಒಡೆದಾಗ, ಪ್ರತಿಯೊಂದೂ ಮೊದಲಿಗಿಂತ ಅಪರೂಪ. ಒಂದು ರಸ್ತೆ, ಒಂದು ಅಣೆಕಟ್ಟೆಯ ಹೊಡೆತವನ್ನು ಹೊಸದಾಗಿಯೇ ಅಳೆಯಬೇಕಾಗುತ್ತದೆ.

ಪ್ರಯೋಗಾಲಯಕ್ಕೆ ದಾರಿ ತೋರಿಸುವುದು ಮಾತ್ರ ಹಲವು ಸಲ ಕಿವಿಯೇ. ಘಟ್ಟದ ಕೆಳಗೆ ಕುಮಟಾದ ಸಾಣಿಕಟ್ಟೆಯ ಕಡೆ ಮಿಂಚುಳ್ಳಿಯ ಕೂಗಿನಂಥ ದನಿಯೊಂದು ಗದ್ದೆಯ ನೀರಿನಿಂದ ಬರುವುದನ್ನು ಗಮನಿಸಿದ್ದು ಅರಣ್ಯ ಇಲಾಖೆಯ ರಕ್ಷಕ ಸಿ.ಆರ್. ನಾಯ್ಕ. ಕೂಗಿದ್ದು ಹಕ್ಕಿಯಲ್ಲ, ಕಪ್ಪೆ. ಡಿಎನ್‌ಎ ಅದನ್ನು ಬೇರೆ ಪ್ರಭೇದವೆಂದು ಸಾರಿತು. 2016ರಲ್ಲಿ ಯೂಫ್ಲಿಕ್ಟಿಸ್ ಕರಾವಳಿ ಎಂಬ ಹೆಸರಿನಲ್ಲಿ ಅದು ಪ್ರಕಟವಾದಾಗ ಲೇಖಕರ ಸಾಲಿನಲ್ಲಿ ನಾಯ್ಕರ ಹೆಸರೂ ಇತ್ತು.

ಹೊರ ಜಗತ್ತಿನಲ್ಲಿ ಈ ಬಗೆಯ ಒಡೆಯುವಿಕೆಗೆ ಹೆಸರಾದದ್ದು ಕಡಲ ಹಕ್ಕಿಗಳು. ಸಾವಿರಾರು ಮೈಲಿ ಹಾರುವ ಆಲ್ಬಟ್ರಾಸ್‌ಗಳಲ್ಲಿ 14 ಪ್ರಭೇದಗಳೆಂದು ಬಹುಕಾಲ ಲೆಕ್ಕವಿತ್ತು. 1996ರಲ್ಲಿ ಗ್ಯಾರಿ ನನ್ ಮತ್ತು ಸಂಗಡಿಗರು ಅವುಗಳ ಸೈಟೊಕ್ರೋಮ್ ಬಿ ಎಂಬ ತುಣುಕನ್ನು ಓದಿ ವಂಶವೃಕ್ಷ ಬರೆದರು. ಅದರ ಆಧಾರದಲ್ಲಿ 1998ರಲ್ಲಿ 24 ಪ್ರಭೇದಗಳ ಸಲಹೆ ಬಂತು. ಈ ಹಕ್ಕಿಗಳ ಸಂರಕ್ಷಣೆಗೆ ಆಗಿರುವ ಅಂತರರಾಷ್ಟ್ರೀಯ ಒಪ್ಪಂದ ಈಗ ಒಪ್ಪಿರುವುದು 22ನ್ನು. ಮೀನುಗಾರಿಕೆಯ ಉದ್ದ ಗಾಳದ ಹಗ್ಗಗಳಿಗೆ ಸಿಕ್ಕಿ ಸಾಯುವ ಹಕ್ಕಿ ಯಾವ ದ್ವೀಪದ್ದು ಎಂದು ತಿಳಿದಾಗಲೇ ಯಾವ ದ್ವೀಪದ ಸಂತತಿ ಮುಗಿಯುತ್ತಿದೆ ಎಂಬುದು ಗೊತ್ತಾದದ್ದು. ಕಡಲಿನಲ್ಲಿ ದ್ವೀಪ ಹೇಗೋ, ಘಟ್ಟದಲ್ಲಿ ಜಡ್ಡಿ ಹಾಗೆ. ದೂರ ಹಾರಬಲ್ಲ ಹಕ್ಕಿ ಹುಟ್ಟಿದ ದ್ವೀಪಕ್ಕೇ ಮರಳುತ್ತದೆ. ಇರುಳುಗಪ್ಪೆಗೆ ಹಾರಾಟವೂ ಇಲ್ಲ. ಪಕ್ಕದ ಕಣಿವೆಯೇ ಅದಕ್ಕೆ ಪರದೇಶ.

ಸಿಂಗಳೀಕದ ವಿಷಯದಲ್ಲಿ ಡಿಎನ್‌ಎ ಹೊಸ ಹೆಸರನ್ನೇನೂ ಕೊಡಲಿಲ್ಲ. ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಉಮಾಪತಿ, ಮೈಸೂರಿನ ಮೇವಾ ಸಿಂಗ್, ಎಚ್.ಎನ್. ಕುಮಾರ ಮುಂತಾದವರ 2015ರ ಅಧ್ಯಯನ ಮೈಟೊಕಾಂಡ್ರಿಯಾದ ಸುಮಾರು 900 ಅಕ್ಷರಗಳನ್ನು ಓದಿತು. ಪಾಲಕ್ಕಾಡು ಕಣಿವೆಯ ಉತ್ತರದ ಮತ್ತು ದಕ್ಷಿಣದ ಸಿಂಗಳೀಕಗಳು ಸುಮಾರು 21 ಲಕ್ಷ ವರ್ಷಗಳ ಹಿಂದೆಯೇ ಬೇರೆಯಾದವು ಎಂದು ತಿಳಿಯಿತು. ಕಾಡು ಚೂರಾದ ಆನೆಮಲೆಯಲ್ಲಿ ಒಂಟಿಯಾಗಿ ಉಳಿದ ಗುಂಪುಗಳಲ್ಲಿ ವೈವಿಧ್ಯ ಕುಗ್ಗಿದೆ ಎಂದೂ ತಿಳಿಯಿತು. ಆಗ ಶಿರಸಿ–ಹೊನ್ನಾವರ ಕಾಡಿನ ತೂಕ ಬದಲಾಯಿತು. ಕುಮಾರ ಮತ್ತು ಸಂಗಡಿಗರು ಮೊದಲೇ ನಡೆಸಿದ್ದ ಸಮೀಕ್ಷೆಯಲ್ಲಿ ಇಲ್ಲಿ 32 ಗುಂಪು, ಆರುನೂರಕ್ಕೂ ಮಿಕ್ಕಿ ಸಿಂಗಳೀಕಗಳು ಲೆಕ್ಕಕ್ಕೆ ಸಿಕ್ಕಿದ್ದವು. ಉತ್ತರದ ಕವಲಿನ ಇಷ್ಟು ದೊಡ್ಡ ಸಂತತಿಗೆ ಬದಲಿಯಾಗಿ ದಕ್ಷಿಣದ ಕೋತಿಗಳನ್ನು ತಂದು ಬಿಡಲು ಬರುವುದಿಲ್ಲ.

ಕಾನೂನು ಇಲ್ಲಿ ವಿಜ್ಞಾನಕ್ಕಿಂತ ಒಂದು ಹೆಜ್ಜೆ ಮುಂದಿತ್ತು. 2011ರಲ್ಲೇ ಶಿರಸಿ, ಸಿದ್ದಾಪುರ, ಹೊನ್ನಾವರದ ಸುಮಾರು 300 ಚದರ ಕಿ.ಮೀ. ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವಾಯಿತು. ಯಲ್ಲಾಪುರದ ಕಡೆ ಬೇಡ್ತಿ ಕಣಿವೆಗೂ ಅದೇ ಸುಮಾರಿಗೆ ಅದೇ ಪಟ್ಟ ಸಿಕ್ಕಿತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಿಂದ ಬಂದ ಈ ವರ್ಗದಲ್ಲಿ ಅಲ್ಲಿನ ನಿವಾಸಿಗಳ ಹಕ್ಕುಗಳಿಗೆ ಧಕ್ಕೆಯಿಲ್ಲ. ಸೊಪ್ಪಿನಬೆಟ್ಟದ ಸೀಮೆಯಲ್ಲಿ ಜನ ಅದನ್ನು ಒಪ್ಪಿದ್ದಕ್ಕೆ ಅದೂ ಕಾರಣ. 2019ರಲ್ಲಿ ಅಘನಾಶಿನಿಯ ಪ್ರದೇಶವೂ ಸೇರಿ 930 ಚದರ ಕಿ.ಮೀ.ಗೆ ವಿಸ್ತರಿಸಿದ ಶರಾವತಿ ಸಿಂಗಳೀಕ ಅಭಯಾರಣ್ಯ ಬಂತು. ಕಾವಲು ಬಿಗಿಯಾಯಿತು. ಅದರ ಜೊತೆಗೇ, ಹಕ್ಕುಗಳ ಬಗ್ಗೆ ಬುಕಾನನ್ ಕಾಲದಿಂದ ಇದ್ದ ಜಗಳವೂ ಹೊಸ ರೂಪ ತಾಳಿತು. ಇದೇ ಅಭಯಾರಣ್ಯದೊಳಗೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಜಲವಿದ್ಯುತ್ ಯೋಜನೆಯ ಪ್ರಸ್ತಾಪವೂ ಇದೆ.

ಕಾಡಿನಿಂದ ಅಡುಗೆಮನೆಗೆ ಬಂದರೆ ವಿಂಗಡಣೆಯ ಇನ್ನೊಂದು ಮುಖ ಕಾಣುತ್ತದೆ. ಅಘನಾಶಿನಿ, ಶಾಲ್ಮಲೆಗಳ ದಂಡೆಯ ಕಾಡುಮಾವಿನ ಮಿಡಿಯನ್ನು ಉಪ್ಪಿನಲ್ಲಿಟ್ಟು ವರ್ಷಗಟ್ಟಲೆ ಕಾಯುವ ಈ ಸೀಮೆಯಲ್ಲಿ ಅಪ್ಪೆಮಿಡಿಗೆ ಸೋನೆಯ ಪರಿಮಳವೇ ಗುರುತು: ಜೀರಿಗೆಯದು ಬೇರೆ, ಕರ್ಪೂರದ್ದು ಬೇರೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ ಎಂಬಂಥ ಹೆಸರುಗಳು ಒಂದು ಜಾತಿಯ ಹೆಸರಲ್ಲ, ಒಂದು ಮರದ ಹೆಸರು. ಆ ಮರದ ಕುಡಿಯನ್ನು ಕಸಿ ಕಟ್ಟಿದರೆ ಬರುವ ಸಸಿಯಲ್ಲಿ ಅದೇ ವಂಶವಾಹಿ, ಅದೇ ಪರಿಮಳ. ಓಟೆ ಬಿತ್ತಿದರೆ ಆ ಭರವಸೆಯಿಲ್ಲ. ಪ್ರಯೋಗಾಲಯ ಇಂದು ಡಿಎನ್‌ಎ ಗುರುತುಗಳಿಂದ ಬೇರ್ಪಡಿಸುವ ಮಟ್ಟದಲ್ಲೇ ಮಲೆನಾಡಿನ ಮೂಗು ಮೊದಲೇ ಹೆಸರಿಟ್ಟಿತ್ತು. 2009ರಿಂದ 2014ರವರೆಗೆ ಬಯೋವರ್ಸಿಟಿ ಸಂಸ್ಥೆಯ ಹಣ್ಣಿನ ಮರಗಳ ಯೋಜನೆ ಶಿರಸಿಯಲ್ಲಿ ನಡೆದಾಗ ಅಪ್ಪೆಮಿಡಿ, ಮುರುಗಲು, ಉಪ್ಪಾಗೆಗಳನ್ನು ತೋಟದಲ್ಲಿ ಬೆಳೆಸಿ ಉಳಿಸಿಕೊಂಡ ರೈತರನ್ನೇ ತಳಿಪಾಲಕರೆಂದು ಗುರುತಿಸಲಾಯಿತು.

ರಾಂಪತ್ರೆಗೆ ಪೇಟೆಯಲ್ಲಿ ಬೇರೆಯೇ ಕತೆ. ಕೆಂಪು ಜಾಲದಂಥ ಅದರ ಪತ್ರೆ ನೋಡಲು ಜಾಯಿಪತ್ರೆಯಂತೆ, ಪರಿಮಳ ಕಡಿಮೆ, ಬೆಲೆಯೂ ಕಡಿಮೆ. ಪುಡಿ ಮಾಡಿ ಬೆರೆಸಿದರೆ ಕಣ್ಣಿಗೆ ತಿಳಿಯದು. ಕೋಳಿಕ್ಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಡಿಎನ್‌ಎ ಬಾರ್‌ಕೋಡ್‌ನಿಂದ ಈ ಕಲಬೆರಕೆಯನ್ನು ಹಿಡಿಯುವ ಬಗೆ ತೋರಿಸಿದರು. ಕಾನಿನಿಂದ ಮೂಟೆಯಲ್ಲಿ ಹೊರಟ ಸರಕು ಅಡ್ಡಹೆಸರಿನಲ್ಲಿ ಮಾರಾಟವಾದರೆ, ಯಾವ ಮರದಿಂದ ಎಷ್ಟು ಕಿತ್ತಿದ್ದಾರೆ ಎಂಬ ಲೆಕ್ಕವೂ ಕಾಡಿಗೆ ಮರಳುವುದಿಲ್ಲ.

ಜಡ್ಡಿಯ ಮರಗಳನ್ನು ಹೆಸರಿನಲ್ಲಷ್ಟೇ ಅಲ್ಲ, ಬೀಜದಲ್ಲೂ ಉಳಿಸುವುದು ಸುಲಭವಲ್ಲ. ಭತ್ತ, ರಾಗಿಯಂತೆ ಒಣಗಿಸಿ ಡಬ್ಬಿಯಲ್ಲಿಡಲು ರಾಂಪತ್ರೆ ಬಳಗದ ಬೀಜ ಒಗ್ಗದು, ಒಣಗಿದರೆ ಸಾಯುತ್ತದೆ. ಶೀತಲ ಬೀಜಭಂಡಾರಗಳಿಗೆ ಇವು ಸೇರುವಂತಿಲ್ಲ. ಹಣ್ಣೊಡೆದ ಕೆಲವೇ ದಿನಗಳಲ್ಲಿ ಆಯ್ದು, ತೇವ ಆರುವ ಮೊದಲು ನರ್ಸರಿಯ ಮಣ್ಣಿಗೆ ಸೇರಿಸಬೇಕು. ಶಿರಸಿಯ ಅರಣ್ಯ ಮಹಾವಿದ್ಯಾಲಯ ಈ ದಾರಿ ಹಿಡಿದು ಜಡ್ಡಿ ಮರಗಳ ಸಸಿ ಬೆಳೆಸಿತು. ಹೊನ್ನಾವರದ ಕಾಸರಕೋಡಿನ ಸ್ನೇಹಕುಂಜ ಸಂಸ್ಥೆ 2010ರ ನಂತರದ ವರ್ಷಗಳಲ್ಲಿ ಊರವರನ್ನು ಕೂಡಿಕೊಂಡು ಜಡ್ಡಿಗಳನ್ನು ಗುರುತಿಸುವ, ಬರಿದಾದಲ್ಲಿ ಮತ್ತೆ ನೆಡುವ ಕೆಲಸಕ್ಕೆ ಇಳಿಯಿತು. ನೆಡುವಾಗ ಬೇರೆ ಬೇರೆ ಜಡ್ಡಿಗಳ ಸಸಿಗಳನ್ನು ಬೆರೆಸಬೇಕು. ಗಂಡು ಯಾವುದು ಹೆಣ್ಣು ಯಾವುದು ಎಂಬುದು ಸಸಿಯಲ್ಲಿ ತಿಳಿಯದು, ಹೂ ಬಿಡುವ ತನಕ ವರ್ಷಗಟ್ಟಲೆ ಕಾಯಬೇಕು.